ಸೈಬರ್ ಸೆಕ್ಯುರಿಟಿ ಓದಲು ಮೈಸೂರಿಗೆ ಹೋಗಬೇಕಾ, ಕುಶಾಲನಗರದ ಕಂಪ್ಯೂಟರ್ ಸೈನ್ಸ್ ಸಾಕಾ?

ನಾಪೋಕ್ಲು_ತೋಟದಮನೆ

ಎಲ್ಲರಿಗೂ ನಮಸ್ಕಾರ. ಈ ವರ್ಷ ಸೆಕೆಂಡ್ ಪಿಯುಸಿ ಮುಗಿಸಿದೆ. ಸಿಇಟಿ ರ‍್ಯಾಂಕ್ ಸಾಧಾರಣ. ಕೆಇಎ ಆಪ್ಷನ್ ಎಂಟ್ರಿ (ಬೇಕಾದ ಕಾಲೇಜು, ಬ್ರಾಂಚುಗಳನ್ನು ಕ್ರಮವಾಗಿ ಹಾಕುವುದು) ತೆರೆದಿದೆ. ಮೊದಲ ಸಾಲಿನಲ್ಲಿ ಏನು ಹಾಕಲಿ ಅಂತ ಮೂರು ದಿನದಿಂದ ಯೋಚಿಸುತ್ತಿದ್ದೇನೆ.

ಮೈಸೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಸೈಬರ್ ಸೆಕ್ಯುರಿಟಿ ಬಿ.ಇ. ಸಿಗಬಹುದು. ಅಲ್ಲಿಗೆ ಹಾಸ್ಟೆಲ್ ಬೇಕು, ಫೀಸು ಜಾಸ್ತಿ. ಕುಶಾಲನಗರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸಿಗುವ ಸಾಧ್ಯತೆಯೂ ಇದೆ. ಅದಾದರೆ ಖರ್ಚು ಕಡಿಮೆ, ಶನಿವಾರ ಮನೆಗೆ ಬರಬಹುದು.

ಈ ಆಸೆ ಹುಟ್ಟಿದ್ದು ಮಾರ್ಚ್‌ನಲ್ಲಿ. ಪಕ್ಕದ ತೋಟದ ದೊಡ್ಡಮ್ಮನಿಗೆ ಒಂದು ಫೋನ್ ಬಂತು. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ ಅಂದರಂತೆ. ಎರಡು ದಿನ ವೀಡಿಯೊ ಕಾಲ್ ಕಟ್ ಮಾಡಲು ಬಿಡಲಿಲ್ಲ. ಕಾಫಿ ಮಾರಿದ ದುಡ್ಡು ಹೋಯಿತು. ದೊಡ್ಡಮ್ಮ ಆಮೇಲೆ ಒಂದು ತಿಂಗಳು ಯಾರ ಮನೆಗೂ ಬರಲಿಲ್ಲ. ನಮ್ಮ ಮನೆಯಲ್ಲಿ ಅಷ್ಟು ಜನ ಇದ್ದೆವು, ಮೊದಲು ಯಾರಿಗೆ ಫೋನ್ ಮಾಡಬೇಕು ಅನ್ನೋದು ಒಬ್ಬರಿಗೂ ಗೊತ್ತಿರಲಿಲ್ಲ. ಅದು ನನಗೆ ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಅಪ್ಪ ಬೇಡ ಅನ್ನುತ್ತಿಲ್ಲ. "ಕಂಪ್ಯೂಟರ್ ಸೈನ್ಸ್ ಅಂದರೆ ಗೊತ್ತು. ಇದು ಹೊಸ ಹೆಸರು. ಹತ್ತು ವರ್ಷ ಆದಮೇಲೆ ಈ ಹೆಸರು ಇರುತ್ತಾ?" ಅಂತ ಕೇಳಿದರು. ನನಗೆ ಉತ್ತರ ಕೊಡಲು ಆಗಲಿಲ್ಲ. ಓದಿದವರು, ಓದುತ್ತಿರುವವರು ದಯವಿಟ್ಟು ಹೇಳಿ. ಗಣಿತ ಎಷ್ಟು ಬೇಕು? ಮಳೆಗಾಲದಲ್ಲಿ ನಮ್ಮಲ್ಲಿ ನೆಟ್‌ವರ್ಕ್ ಇರುವುದೇ ಅಪರೂಪ. ಮನೆಯಲ್ಲಿ ಕೂತು ಅಭ್ಯಾಸ ಮಾಡಲು ಆಗುತ್ತಾ?

ಸೋಮವಾರಪೇಟೆ_ಅಕ್ಕ

ನಾನು ಮೈಸೂರಿನಲ್ಲಿ ಇದೇ ಬ್ರಾಂಚ್, ಈಗ ಕೊನೆಯ ವರ್ಷ. ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದು.

ಮೊದಲು ಒಂದು ವಿಷಯ. ಈ ಕೋರ್ಸಿಗೆ ಸೇರುವಾಗ ನಾವೆಲ್ಲ ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಓಡುವುದನ್ನು ನೆನೆಸಿಕೊಂಡೇ ಬಂದಿರುತ್ತೇವೆ. ಮೊದಲ ವರ್ಷ ಅಂಥದ್ದೇನೂ ಇಲ್ಲ. ಗಣಿತ, ಫಿಸಿಕ್ಸ್, ಕೆಮಿಸ್ಟ್ರಿ, ಸಿ ಭಾಷೆ. ವಿಟಿಯು ವಿಶ್ವವಿದ್ಯಾಲಯದ ಅಡಿಯಲ್ಲಿ ಕಂಪ್ಯೂಟರ್ ಗುಂಪಿನ ಎಲ್ಲ ಬ್ರಾಂಚಿಗೂ ಹೆಚ್ಚುಕಡಿಮೆ ಅದೇ. ನಾಲ್ಕು ವರ್ಷಕ್ಕೆ 160 ಕ್ರೆಡಿಟ್. ಅದರಲ್ಲಿ ದೊಡ್ಡ ಪಾಲು ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ಕಂಪ್ಯೂಟರ್ ನೆಟ್‌ವರ್ಕ್. ಇದೆಲ್ಲ ಕಂಪ್ಯೂಟರ್ ಸೈನ್ಸ್‌ನವರೂ ಓದುತ್ತಾರೆ. ಕ್ರಿಪ್ಟೋಗ್ರಫಿ (ಗುಪ್ತಲಿಪಿ), ಫೊರೆನ್ಸಿಕ್ಸ್ (ದಾಳಿಯ ಸುಳಿವು ಹುಡುಕುವುದು) ಥರದ ನಮ್ಮದೇ ವಿಷಯಗಳು ನಂತರ ಬರುತ್ತವೆ.

ಎರಡನೇ ವರ್ಷದಲ್ಲಿ ನಾನು ಬೇಸರಪಟ್ಟುಕೊಂಡಿದ್ದೆ. ಸೈಬರ್ ಅಂತ ಬಂದು ಸುಮ್ನೆ ಲಿಂಕ್ಡ್ ಲಿಸ್ಟ್ ಥರದ ಡೇಟಾ ಸ್ಟ್ರಕ್ಚರ್ ಬರೆಯುತ್ತಿದ್ದೇನಲ್ಲ ಅಂತ. ಆಮೇಲೆ ಅರ್ಥವಾಯಿತು. ಒಂದು ವಸ್ತು ಹೇಗೆ ಕೆಲಸ ಮಾಡುತ್ತೆ ಅನ್ನೋದು ಗೊತ್ತಿಲ್ಲದೆ, ಅದು ಎಲ್ಲಿ ಮುರಿಯುತ್ತೆ ಅನ್ನೋದು ಗೊತ್ತಾಗುವುದಿಲ್ಲ.

ಸಿ ಭಾಷೆಯನ್ನೇ ತಗೋ. 1988ರ ನವೆಂಬರ್‌ನಲ್ಲಿ ಮೋರಿಸ್ ವರ್ಮ್ (ಯಂತ್ರದಿಂದ ಯಂತ್ರಕ್ಕೆ ತಾನಾಗೇ ಹರಡುವ ಪ್ರೋಗ್ರಾಂ) ಇಂಟರ್ನೆಟ್ಟಿನಲ್ಲಿ ಹರಡಿತು. ಅದು ಬಳಸಿದ ದಾರಿಗಳಲ್ಲಿ ಒಂದು, ಬಳಕೆದಾರರ ವಿವರ ಹೇಳುವ ಫಿಂಗರ್ ಅನ್ನೋ ಸೇವೆಯಲ್ಲಿದ್ದ ತಪ್ಪು. ಆ ಪ್ರೋಗ್ರಾಂ 512 ಬೈಟ್ ಜಾಗ ಇಟ್ಟುಕೊಂಡು, ಗೆಟ್ಸ್ ಅನ್ನೋ ಫಂಕ್ಷನ್ನಿನಿಂದ ಓದುತ್ತಿತ್ತು. ಎಷ್ಟು ಬಂತು ಅಂತ ಗೆಟ್ಸ್ ಎಣಿಸುವುದೇ ಇಲ್ಲ. ವರ್ಮ್ 536 ಬೈಟ್ ಕಳಿಸಿತು. ಒಂದು ಸೇರಿನ ಅಳತೆಗೆ ಒಂದೂಕಾಲು ಸೇರು ಅಕ್ಕಿ ಸುರಿದರೆ ಪಕ್ಕಕ್ಕೆ ಚೆಲ್ಲುತ್ತಲ್ಲ, ಹಾಗೆ ಹೆಚ್ಚಿನದು ಪಕ್ಕದ ಮೆಮೊರಿಗೆ ಚೆಲ್ಲಿತು. ಫಂಕ್ಷನ್ ಮುಗಿದ ಮೇಲೆ ಎಲ್ಲಿಗೆ ವಾಪಸ್ ಹೋಗಬೇಕು ಅನ್ನೋ ವಿಳಾಸ ಅಲ್ಲೇ ಪಕ್ಕದಲ್ಲಿತ್ತು. ಅದು ಬದಲಾಯಿತು. ಅಷ್ಟೇ. ಮೊದಲ ವರ್ಷದ ಸಿ ಪಾಠದಲ್ಲಿ ಅರೇ, ಪಾಯಿಂಟರ್ ಸರಿಯಾಗಿ ಕಲಿತವರಿಗೆ ಇದು ಐದು ನಿಮಿಷದ ಮಾತು. ಕಲಿಯದವರಿಗೆ ಐದನೇ ಸೆಮಿಸ್ಟರಿನಲ್ಲೂ ಮಂತ್ರದ ಹಾಗೆ ಕಾಣುತ್ತದೆ.

ನೆಟ್‌ವರ್ಕಿಂದ ಇನ್ನೊಂದು. ನಮ್ಮ ಕಡೆ ಹೋಂಸ್ಟೇ ನಡೆಸುವವರಿಗೆ ಇದು ಬೇಗ ತಿಳಿಯುತ್ತೆ. ಹತ್ತು ರೂಮಿನ ಹೋಂಸ್ಟೇ. ಯಾರೋ ಫೋನ್ ಮಾಡಿ "ರೂಮ್ ಇದೆಯಾ?" ಅನ್ನುತ್ತಾರೆ. ನೀವು "ಇದೆ, ಇಟ್ಟಿರುತ್ತೇನೆ, ಖಚಿತ ಮಾಡಿ" ಅನ್ನುತ್ತೀರಿ. ಅವರು "ಸರಿ" ಅಂದ ಮೇಲೆ ಬುಕಿಂಗ್ ಮುಗಿಯಿತು. ಎರಡು ಕಂಪ್ಯೂಟರುಗಳು ಮಾತಾಡಲು ಬಳಸುವ ಟಿಸಿಪಿ ಸಂಪರ್ಕ ಶುರುವಾಗುವುದೂ ಹೀಗೇ, ಮೂರು ಮಾತಿನಲ್ಲಿ. ಸಿನ್, ಸಿನ್-ಆಕ್, ಆಕ್. ಈಗ ಒಬ್ಬ ಬೇರೆಬೇರೆ ನಂಬರಿನಿಂದ ಹತ್ತು ಸಲ ಮೊದಲ ಮಾತು ಮಾತ್ರ ಹೇಳಿ ಸುಮ್ಮನಾದರೆ? ಹತ್ತೂ ರೂಮು ಕಾದು ಕೂತಿರುತ್ತೆ, ನಿಜವಾದ ಅತಿಥಿ ವಾಪಸ್ ಹೋಗುತ್ತಾರೆ. ಇದೇ ಸಿನ್ ಫ್ಲಡ್. ಪರಿಹಾರ ಏನು ಗೊತ್ತಾ? ಮೊದಲ ಫೋನಿಗೆ ರೂಮ್ ಹಿಡಿದಿಡುವುದೇ ಬೇಡ. ಒಂದು ಗುರುತಿನ ನಂಬರ್ ಲೆಕ್ಕ ಹಾಕಿ ಹೇಳು, ಪುಸ್ತಕದಲ್ಲಿ ಏನೂ ಬರೆಯಬೇಡ. ಅದೇ ನಂಬರ್ ಹೇಳಿಕೊಂಡು ವಾಪಸ್ ಬಂದವರಿಗೆ ಮಾತ್ರ ರೂಮ್ ಕೊಡು. ಅದಕ್ಕೆ ಸಿನ್ ಕುಕಿ ಅನ್ನುತ್ತಾರೆ. ಇದು ತಲೆಗೆ ಹೊಳೆದ ದಿನ ನನಗೆ ಆದ ಖುಷಿ ಯಾವ ಟೂಲ್ ಬಳಸಿದಾಗಲೂ ಆಗಿಲ್ಲ.

ಗಣಿತ ಬೇಕು. ಆದರೆ ಪಿಯುಸಿಯ ಇಂಟಿಗ್ರೇಷನ್‌ಗಿಂತ ಶೇಷದ ಲೆಕ್ಕ, ಅವಿಭಾಜ್ಯ ಸಂಖ್ಯೆ, ಸಂಭವನೀಯತೆ ಜಾಸ್ತಿ ಬೇಕು. 1977ರಲ್ಲಿ ರಿವೆಸ್ಟ್, ಶಮಿರ್, ಆ್ಯಡಲ್‌ಮನ್ ಸೇರಿ ಮಾಡಿದ ಗುಪ್ತಲಿಪಿ ವಿಧಾನ ಆರ್‌ಎಸ್‌ಎ ನಿಂತಿರುವುದು ಒಂದು ಸರಳ ಸಂಗತಿಯ ಮೇಲೆ. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ, ಗುಣಲಬ್ಧದಿಂದ ಆ ಎರಡನ್ನು ಹುಡುಕುವುದು ಬಹಳ ಕಷ್ಟ. ಸಣ್ಣ ಸಂಖ್ಯೆ ಇಟ್ಟುಕೊಂಡು ಕೈಯಲ್ಲೇ ಮಾಡಿ ನೋಡಬಹುದು. ಹೆದರಬೇಡ.

ರಾತ್ರಿಪಾಳಿ_ವಿರಾಜಪೇಟೆ

ಬೆಂಗಳೂರಿನಲ್ಲಿ ಸೆಕ್ಯುರಿಟಿ ಆಪರೇಷನ್ಸ್ ಸೆಂಟರಿನಲ್ಲಿ (ಸೈಬರ್ ದಾಳಿ ಆಗುತ್ತಿದೆಯಾ ಅಂತ ಹಗಲೂ ರಾತ್ರಿ ನೋಡುವ ಜಾಗ) ನಾಲ್ಕು ವರ್ಷದಿಂದ ಕೆಲಸ. ಅಪ್ಪ ಕೇಳಿದ ಪ್ರಶ್ನೆ ಸರಿಯಾಗಿದೆ ತಂಗಿ. ನಮ್ಮ ತಂಡದಲ್ಲಿ ಕಂಪ್ಯೂಟರ್ ಸೈನ್ಸ್‌ನವರೇ ಜಾಸ್ತಿ. ಒಬ್ಬರು ಎಲೆಕ್ಟ್ರಾನಿಕ್ಸ್, ಇಬ್ಬರು ಬಿಸಿಎ. ಸಂದರ್ಶನಕ್ಕೆ ಬಂದವರ ಬ್ರಾಂಚಿನ ಹೆಸರು ನೋಡಿ ನಾವು ಯಾರನ್ನೂ ತಗೊಂಡಿಲ್ಲ, ಬಿಟ್ಟೂ ಇಲ್ಲ.

ನಾನು ಕೇಳುವ ಮೊದಲ ಪ್ರಶ್ನೆ ಹೇಳಿಬಿಡುತ್ತೇನೆ. ಬ್ರೌಸರಿನಲ್ಲಿ ಒಂದು ತಾಣದ ಹೆಸರು ಹೊಡೆದು ಎಂಟರ್ ಒತ್ತಿದೆ. ಪುಟ ಕಾಣುವವರೆಗೆ ಏನೇನು ಆಗುತ್ತೆ? ತಾಣದ ಹೆಸರನ್ನು ನೆಟ್ಟಿನ ವಿಳಾಸಕ್ಕೆ ಬದಲಿಸುವ ಡಿಎನ್‌ಎಸ್ ಯಾಕೆ ಬೇಕು, 53ನೇ ಪೋರ್ಟ್ (ಯಂತ್ರದಲ್ಲಿ ಒಂದೊಂದು ಸೇವೆಗೆ ಇರುವ ಬಾಗಿಲಿನ ನಂಬರ್) ಯಾವುದಕ್ಕೆ, 443 ಯಾವುದಕ್ಕೆ, ತಾಣ ತನ್ನ ಗುರುತಿಗೆ ತೋರಿಸುವ ಸರ್ಟಿಫಿಕೇಟನ್ನು ಯಾರು ನಂಬುತ್ತಾರೆ, ಯಾಕೆ ನಂಬುತ್ತಾರೆ. ಇದನ್ನು ಹತ್ತು ನಿಮಿಷ ನಿಧಾನವಾಗಿ ಹೇಳಿದವರು ಆಮೇಲೆ ಉಳಿದದ್ದನ್ನು ಕೆಲಸದಲ್ಲೇ ಕಲಿಯುತ್ತಾರೆ. ಮೂವತ್ತು ಟೂಲುಗಳ ಹೆಸರು ಬರೆದುಕೊಂಡು ಬಂದವರು ಇಲ್ಲೇ ನಿಂತುಬಿಡುತ್ತಾರೆ. ನೋಡಿ ಬೇಜಾರಾಗುತ್ತೆ. ನಾಲ್ಕು ವರ್ಷ ಓದಿರುತ್ತಾರೆ ಪಾಪ.

ಕೆಲಸ ಹೇಗಿರುತ್ತೆ ಅಂತಲೂ ಗೊತ್ತಿರಲಿ. ದಿನವಿಡೀ ಲಾಗ್ (ಯಂತ್ರಗಳು ಬರೆದಿಡುವ ದಾಖಲೆ) ಓದುವುದು. ವಿಂಡೋಸಿನಲ್ಲಿ ಲಾಗಿನ್ ವಿಫಲವಾದರೆ 4625 ಅಂತ ದಾಖಲಾಗುತ್ತೆ, ಸಫಲವಾದರೆ 4624. ಒಂದು ರಾತ್ರಿ ಎರಡು ಗಂಟೆಗೆ ಒಂದೇ ಖಾತೆಗೆ ನೂರಾರು 4625 ಬಂದು, ಕೊನೆಗೆ ಒಂದೇ ಒಂದು 4624 ಬಂತು. ಮೈ ಬಿಸಿಯಾಯಿತು. ಯಾರೋ ಪಾಸ್‌ವರ್ಡ್ ಹುಡುಕಿ ಒಳಗೆ ಬಂದರು ಅಂತಲೇ ಅಂದುಕೊಂಡೆ. ಯಾವ ಯಂತ್ರದಿಂದ ಬಂತು ಅಂತ ನೋಡಿದೆ, ಆ ಉದ್ಯೋಗಿಯನ್ನು ಎಬ್ಬಿಸಿದೆ. ಅವರು ಆ ಸಂಜೆ ಪಾಸ್‌ವರ್ಡ್ ಬದಲಾಯಿಸಿದ್ದರು. ಮನೆಯ ಲ್ಯಾಪ್‌ಟಾಪ್ ಹಳೆಯದನ್ನೇ ಹಾಕುತ್ತಾ ಇತ್ತು, ಆಮೇಲೆ ಅವರು ಸರಿ ಮಾಡಿದ್ದರು. ಹತ್ತರಲ್ಲಿ ಒಂಬತ್ತು ಅಲರ್ಟ್ ಹೀಗೇ. ಹತ್ತನೆಯದನ್ನು ತಪ್ಪಿಸಬಾರದು, ಅದಕ್ಕೇ ಒಂಬತ್ತನ್ನೂ ಪೂರ್ತಿ ನೋಡಬೇಕು.

ರಾತ್ರಿ ಪಾಳಿ ಇರುತ್ತೆ. ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ಆದೇಶದ ಪ್ರಕಾರ, ಇಂಥಿಂಥ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ತಿಳಿಸಬೇಕು. ಬೆಳಗಾಗುವವರೆಗೆ ಕಾಯಲು ಆಗಲ್ಲ. ಮನೆಯವರಿಗೆ ಇದನ್ನು ಈಗಲೇ ಹೇಳಿಡು. ಬರವಣಿಗೆ ಅಭ್ಯಾಸ ಮಾಡಿಕೋ. ಏನಾಯಿತು, ಯಾವಾಗ, ನಾವೇನು ಮಾಡಿದೆವು ಅಂತ ಇಂಗ್ಲಿಷಿನಲ್ಲಿ ಸರಳವಾಗಿ ಬರೆಯಬೇಕು. ನಾನು ಕನ್ನಡ ಮಾಧ್ಯಮ. ಒಂದು ವರ್ಷ ಹಿಡಿಯಿತು, ಬಂತು.

ನಿವೃತ್ತ_ಸಿಗ್ನಲ್ಸ್_ಪೊನ್ನಂಪೇಟೆ

ಮಗಳೇ, ನಾನು ಸೈನ್ಯದಲ್ಲಿ ಸಂದೇಶ ಸಂಪರ್ಕ ನೋಡಿಕೊಳ್ಳುವ ಸಿಗ್ನಲ್ಸ್‌ನಲ್ಲಿ ಇದ್ದವನು. ನಿನ್ನ ದೊಡ್ಡಮ್ಮನ ವಿಷಯ ಓದಿ ಸುಮ್ಮನಿರಲು ಆಗಲಿಲ್ಲ. ಡಿಜಿಟಲ್ ಅರೆಸ್ಟ್ ಅನ್ನೋದು ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ. ಯಾವ ಪೊಲೀಸರೂ ವೀಡಿಯೊ ಕಾಲಿನಲ್ಲಿ ಬಂಧಿಸುವುದಿಲ್ಲ. ದುಡ್ಡು ಹೋದ ಕೂಡಲೇ 1930ಕ್ಕೆ ಫೋನ್ ಮಾಡಬೇಕು. ದುಡ್ಡು ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಹಿಡಿಸಲು ಅದೇ ಬೇಗದ ದಾರಿ, ಪ್ರತಿ ನಿಮಿಷವೂ ಮುಖ್ಯ. ಆಮೇಲೆ ಮಡಿಕೇರಿಯ ಸೆನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ) ಠಾಣೆ ಇದೆ. ದೊಡ್ಡಮ್ಮ ದೂರು ಕೊಟ್ಟಿಲ್ಲದಿದ್ದರೆ ಈಗಲೂ ಕೊಡಿಸು. ಅವರ ತಪ್ಪೇನೂ ಇಲ್ಲ ಅಂತ ಹತ್ತಿರ ಕೂತು ಹೇಳು.

ಓದಿನ ವಿಷಯದಲ್ಲಿ ನನಗೆ ತಿಳಿದದ್ದು ಒಂದೇ. ನಮ್ಮ ಕಾಲದಲ್ಲಿ ಸಂದೇಶದ ರಿಜಿಸ್ಟರಿನಲ್ಲಿ ಸಮಯ ಬರೆಯದೆ ಕುರ್ಚಿ ಬಿಟ್ಟು ಏಳುವಂತಿರಲಿಲ್ಲ. ಮೇಲೆ ಬರೆದ ವಿರಾಜಪೇಟೆ ಹುಡುಗ ಮಾಡುತ್ತಿರುವುದೂ ಅದೇ ಕೆಲಸ.

ಹಾರಂಗಿ_ದಂಡೆ

ಅಕ್ಕ, ಅಣ್ಣ ಹೇಳಿದ್ದೆಲ್ಲ ನಿಜ. ನಾನು ಮಾಡಿದ ತಪ್ಪು ಹೇಳುತ್ತೇನೆ, ಹೊಸಬರಿಗೆ ಬೇಕು.

ಮೂರನೇ ಸೆಮಿಸ್ಟರಿನಲ್ಲಿ ಹಾಸ್ಟೆಲ್ ವೈಫೈ ಮೇಲೆ, ನೆಟ್‌ವರ್ಕಿನಲ್ಲಿ ಯಾವ ಯಂತ್ರಗಳಿವೆ ಅಂತ ಹುಡುಕುವ ಟೂಲ್ ಎನ್‌ಮ್ಯಾಪ್ ಓಡಿಸಿದೆ. ಸುಮ್ನೆ ಏನೇನಿದೆ ನೋಡೋಣ ಅಂತ. ಆಫೀಸಿನ ಒಂದು ಕ್ಯಾಮೆರಾ ಪಾಸ್‌ವರ್ಡ್ ಇಲ್ಲದೆ ತೆರೆದುಕೊಂಡಿತು. ಸ್ಕ್ರೀನ್‌ಶಾಟ್ ತೆಗೆದು ಗೆಳೆಯರ ಗುಂಪಿಗೆ ಹಾಕಿದೆ. ಮರುದಿನ ಪ್ರಿನ್ಸಿಪಾಲರ ಕೋಣೆ. ಅಪ್ಪ ತೋಟದ ಕೆಲಸ ಬಿಟ್ಟು, ಮೊದಲ ಬಸ್ಸಿಗೆ ಬಂದು ಅಲ್ಲಿ ಕೈಕಟ್ಟಿ ನಿಂತಿದ್ದರು. ಅದನ್ನು ನಾನು ಮರೆಯಲಾರೆ.

ಅನುಮತಿ ಇಲ್ಲದೆ ಬೇರೆಯವರ ಕಂಪ್ಯೂಟರಿಗೆ ಕೈ ಹಾಕಿದರೆ ಐಟಿ ಕಾಯ್ದೆ 2000ರ 43ನೇ ಸೆಕ್ಷನ್. ಅದನ್ನೇ ಅಪ್ರಾಮಾಣಿಕವಾಗಿ ಅಥವಾ ಮೋಸದ ಉದ್ದೇಶದಿಂದ ಮಾಡಿದರೆ 66. ಮೂರು ವರ್ಷದವರೆಗೆ ಜೈಲು, ಇಲ್ಲ 5 ಲಕ್ಷದವರೆಗೆ ದಂಡ, ಇಲ್ಲ ಎರಡೂ. ನನ್ನನ್ನು ಬರೆಸಿಕೊಂಡು ಬಿಟ್ಟರು. ಎಲ್ಲರಿಗೂ ಹಾಗೆ ಆಗುವುದಿಲ್ಲ.

ಈಗ ನನ್ನ ಲ್ಯಾಪ್‌ಟಾಪಿನಲ್ಲೇ ವರ್ಚುಯಲ್‌ಬಾಕ್ಸ್ ಹಾಕಿ, ಅದರೊಳಗೆ ಸಾಫ್ಟ್‌ವೇರ್‌ನಲ್ಲೇ ನಡೆಯುವ ಎರಡು ಯಂತ್ರ ಇಟ್ಟಿದ್ದೇನೆ. ಒಂದು ಕಾಲಿ ಲಿನಕ್ಸ್, ಭದ್ರತೆ ಪರೀಕ್ಷಿಸುವ ಟೂಲುಗಳೆಲ್ಲ ಇರುವುದು. ಇನ್ನೊಂದು ಮೆಟಾಸ್ಪ್ಲಾಯ್ಟಬಲ್, ಅಭ್ಯಾಸಕ್ಕೆ ಅಂತಲೇ ಬೇಕಂತ ದುರ್ಬಲವಾಗಿ ಮಾಡಿದ್ದು. ಎರಡೂ ಒಂದರ ಜೊತೆ ಒಂದು ಮಾತ್ರ ಮಾತಾಡುತ್ತವೆ, ಹೊರಗಿನ ನೆಟ್ ಬೇಡವೇ ಬೇಡ. ನಾಪೋಕ್ಲು ತಂಗಿ, ನಿನ್ನ ಮಳೆಗಾಲದ ಪ್ರಶ್ನೆಗೆ ಇದು ಅರ್ಧ ಉತ್ತರ. ಕಾಲಿ ಫೈಲ್ ನಾಲ್ಕು ಜಿಬಿ ಹತ್ತಿರ ಇರುತ್ತೆ, ಮಡಿಕೇರಿಗೆ ಹೋದಾಗ ಇಳಿಸಿಕೋ. ಎಂಟು ಜಿಬಿ ರ‍್ಯಾಮ್‌ನಲ್ಲಿ ಹೇಗೋ ನಡೆಯುತ್ತೆ, 16 ಇದ್ದರೆ ಆರಾಮ. ಎಸ್‌ಎಸ್‌ಡಿ ಬೇಕೇ ಬೇಕು. ಆಟದ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಹಾಕಬೇಡ. ಯಂತ್ರ ಶುರುವಾಗದಿದ್ದರೆ ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗ್ ಇರುವ ಬಯೋಸ್‌ನಲ್ಲಿ ವರ್ಚುಯಲೈಸೇಷನ್ ಆನ್ ಮಾಡು. ನಾನು ಅದಕ್ಕೆ ಒಂದು ವಾರ ಕಳೆದೆ.

ಪಾಠದಮನೆ

ನಾನು ಬಿಸಿಎ ಪಾಠ ಮಾಡುವವಳು. ಈ ಚರ್ಚೆ ಓದುವ ಕಾಮರ್ಸ್ ಮಕ್ಕಳಿಗೆ ಒಂದು ಮಾತು. ಬಿ.ಇ.ಗೆ ಪಿಯುಸಿಯಲ್ಲಿ ಫಿಸಿಕ್ಸ್, ಗಣಿತ ಬೇಕು. ಅದಿಲ್ಲದವರಿಗೆ ಬಾಗಿಲು ಮುಚ್ಚಿಲ್ಲ. ನಮ್ಮ ರಾಜ್ಯದಲ್ಲಿ 2024-25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಬಿಸಿಎ ಮೂರು ವರ್ಷ, ಎಂಸಿಎ ಎರಡು ವರ್ಷ. ಆಪರೇಟಿಂಗ್ ಸಿಸ್ಟಮ್, ನೆಟ್‌ವರ್ಕ್ ಅಲ್ಲೂ ಇದೆ. ಗಣಿತ ಮಾತ್ರ ಸ್ವಂತ ಆಸಕ್ತಿಯಿಂದ ತುಂಬಿಕೊಳ್ಳಬೇಕು. ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ ಐಐಟಿ ಮೇಷ್ಟ್ರುಗಳ ಪಾಠ ಉಚಿತ, ಪರೀಕ್ಷೆ ಬರೆಯುವುದಾದರೆ ಮಾತ್ರ ಶುಲ್ಕ.

ಮಗೂ, ನೀನು ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ 15 ಶೇಕಡಾ ಇದೆ. ಕನ್ನಡ ಮಾಧ್ಯಮಕ್ಕೆ 5 ಶೇಕಡಾ. ಪ್ರಮಾಣಪತ್ರಗಳು ಪರಿಶೀಲನೆಯಾಗಿವೆಯಾ ಅಂತ ಇವತ್ತೇ ನೋಡು. ನಮ್ಮ ಕಡೆ ಮಕ್ಕಳು ಬಹಳ ಸಲ ಅಲ್ಲೇ ಸೀಟು ಕಳೆದುಕೊಳ್ಳುತ್ತಾರೆ.

ಕುಶಾಲನಗರ_ಡಿಪ್ಲೊಮಾ

ಪಾಲಿಟೆಕ್ನಿಕ್‌ನಲ್ಲಿ ಓದುವವರೂ ಇದ್ದೇವೆ. ಡಿಪ್ಲೊಮಾ ಮುಗಿಸಿ ಡಿಸಿಇಟಿ (ಡಿಪ್ಲೊಮಾದವರ ಸಿಇಟಿ) ಬರೆದರೆ ನೇರ ಎರಡನೇ ವರ್ಷದ ಬಿ.ಇ.ಗೆ ಸೇರಬಹುದು. ನಾನು ಅದೇ ದಾರಿಯಲ್ಲಿದ್ದೇನೆ.

ನಾಪೋಕ್ಲು_ತೋಟದಮನೆ

ಎಲ್ಲರ ಉತ್ತರವನ್ನೂ ಅಪ್ಪನಿಗೆ ಓದಿ ಹೇಳಿದೆ. ಎರಡು ದಿನ ಕರೆಂಟ್ ಇರಲಿಲ್ಲ, ಲೈನ್ ಮೇಲೆ ಮರ ಬಿದ್ದಿತ್ತು. ಅದಕ್ಕೆ ತಡ. ಗ್ರಾಮೀಣ ಪ್ರಮಾಣಪತ್ರ ಸರಿಯಾಗಿದೆ ಮೇಡಂ, ನೋಡಿಕೊಂಡೆ.

ಅಪ್ಪ ಹಾರಂಗಿ ಅಣ್ಣನ ಕ್ಯಾಮೆರಾ ಮಾತು ಕೇಳಿ ಒಂದು ಪ್ರಶ್ನೆ ಕೇಳಿದರು. ಕರಿಮೆಣಸು ಕಳವು ಜಾಸ್ತಿ ಆದಮೇಲೆ ಕಣಕ್ಕೆ ನಾವೂ ನಾಲ್ಕು ಕ್ಯಾಮೆರಾ ಹಾಕಿಸಿದ್ದೇವೆ. ಮೊಬೈಲಿನಲ್ಲಿ ನೋಡುತ್ತಾರೆ. ಅದನ್ನೂ ಯಾರಾದರೂ ಹೀಗೆ ನೋಡಬಹುದಾ?

ಸೋಮವಾರಪೇಟೆ_ಅಕ್ಕ

ನೋಡಬಹುದು. ಹಾಕಿದವರು ಕೊಟ್ಟ ಪಾಸ್‌ವರ್ಡೇ ಇನ್ನೂ ಇದ್ದರೆ ಇವತ್ತೇ ಬದಲಾಯಿಸಿ. 2016ರಲ್ಲಿ ಮಿರಾಯ್ ಅನ್ನೋ, ಯಂತ್ರಗಳನ್ನು ಕೈವಶ ಮಾಡಿಕೊಂಡು ಒಟ್ಟಿಗೆ ದಾಳಿಗೆ ಬಳಸುವ ಬಾಟ್‌ನೆಟ್ ಬಂತು. ಕಂಪನಿಯವರು ಇಟ್ಟ ಅರವತ್ತು ಚಿಲ್ಲರೆ ಯೂಸರ್‌ನೇಮ್-ಪಾಸ್‌ವರ್ಡ್ ಜೋಡಿಗಳ ಪಟ್ಟಿ ಅದರಲ್ಲಿತ್ತು. ಪ್ರಪಂಚದ ಕ್ಯಾಮೆರಾ, ಡಿವಿಆರ್ (ಕ್ಯಾಮೆರಾದ ದೃಶ್ಯ ಉಳಿಸುವ ಪೆಟ್ಟಿಗೆ), ರೌಟರ್‌ಗಳ ಮೇಲೆ ಅದನ್ನೇ ಒಂದೊಂದಾಗಿ ಹಾಕಿ ನೋಡುತ್ತಿತ್ತು. ಅಷ್ಟರಿಂದಲೇ ಲಕ್ಷಾಂತರ ಯಂತ್ರ ಕೈವಶ ಆದವು. ಆ ವರ್ಷ ಅಕ್ಟೋಬರ್ 21ರಂದು ಡಿನ್ ಅನ್ನೋ ಡಿಎನ್‌ಎಸ್ ಕಂಪನಿಯ ಮೇಲೆ ಇಂಥ ಯಂತ್ರಗಳಿಂದಲೇ ದಾಳಿ ಆಗಿ, ಎಷ್ಟೋ ದೊಡ್ಡ ತಾಣಗಳು ಗಂಟೆಗಟ್ಟಲೆ ಸಿಗಲಿಲ್ಲ.

ಮಿರಾಯ್ ಬರೆದವರು ಅಮೆರಿಕದ ಮೂವರು ಹುಡುಗರು. ಒಬ್ಬ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿ, ತಾನು ಓದುತ್ತಿದ್ದ ವಿಶ್ವವಿದ್ಯಾಲಯದ ನೆಟ್‌ವರ್ಕಿನ ಮೇಲೇ ಮತ್ತೆಮತ್ತೆ ದಾಳಿ ಮಾಡಿದ್ದ. ನಮ್ಮದೇ ವಯಸ್ಸು. ಇದನ್ನು ಓದಿದಾಗಲೆಲ್ಲ ನನಗೆ ಎದೆ ಝಲ್ ಅನ್ನುತ್ತೆ. ನಾವು ಕಲಿಯುವುದೂ ಅವರು ಕಲಿತದ್ದೂ ಒಂದೇ ಪಾಠ.

ಇನ್ನು ಕಾಲೇಜು. ವಿರಾಜಪೇಟೆ ಅಣ್ಣನ ಮಾತಿಗೆ ಒಂದು ವಿಷಯದಲ್ಲಿ ನನ್ನ ಒಪ್ಪಿಗೆ ಇಲ್ಲ. ಬ್ರಾಂಚಿನ ಹೆಸರಿಂದ ಕೆಲಸ ಸಿಗಲ್ಲ, ಸರಿ. ಆದರೆ ಜೊತೆಗಾರರು ಮುಖ್ಯ. ನನ್ನ ಬ್ರಾಂಚಿನಲ್ಲಿ ರಾತ್ರಿ ಹನ್ನೊಂದಕ್ಕೆ ಒಂದು ಸಿಟಿಎಫ್ (ಸೈಬರ್ ಭದ್ರತೆಯ ಒಗಟು ಬಿಡಿಸುವ ಸ್ಪರ್ಧೆ) ಪ್ರಶ್ನೆ ಹಿಡಿದು ಕೂರುವವರು ಐದು ಜನ ಇದ್ದರು, ಅದರಿಂದಲೇ ನಾನು ಕಲಿತೆ. ಕೇರಳದ ಅಮೃತಪುರಿ ಕ್ಯಾಂಪಸ್ಸಿನ ಬಯೋಸ್ ಅನ್ನೋ ಸಿಟಿಎಫ್ ತಂಡ ಅಷ್ಟು ಹೆಸರು ಮಾಡಿದ್ದು ಸೀನಿಯರ್‌ಗಳು ಜೂನಿಯರ್‌ಗಳಿಗೆ ಕಲಿಸುತ್ತಾ ಬಂದಿದ್ದರಿಂದ. ನೀನು ಕುಶಾಲನಗರ ಆರಿಸಿದರೆ ಅಂಥ ಮೂರು ಜನರನ್ನು ಮೊದಲ ಸೆಮಿಸ್ಟರಿನಲ್ಲೇ ಹುಡುಕಿಕೊಳ್ಳಬೇಕು. ಒಬ್ಬಳೇ ಮಾಡುವುದು ಕಷ್ಟ.

ನೆಟ್ ಕಮ್ಮಿ ಇದ್ದರೂ ನಡೆಯುವ ಅಭ್ಯಾಸ ಒಂದಿದೆ. ಓವರ್ ದಿ ವೈರ್ ತಾಣದ ಬ್ಯಾಂಡಿಟ್ ಅನ್ನೋ ಆಟ. ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಮೂಲಕ 2220ನೇ ಪೋರ್ಟಿಗೆ ಲಾಗಿನ್ ಆಗಬೇಕು. ಬರೀ ಅಕ್ಷರ, ಚಿತ್ರ ವೀಡಿಯೊ ಏನೂ ಇಲ್ಲ. ಒಂದು ಕಡ್ಡಿ ಸಿಗ್ನಲ್ ಸಾಕು. ಪ್ರತಿ ಹಂತದಲ್ಲಿ ಮುಂದಿನ ಹಂತದ ಪಾಸ್‌ವರ್ಡ್ ಅಡಗಿರುತ್ತೆ. ಅಲ್ಲಿ ಎಲ್ಲರಿಗೂ ಅನುಮತಿ ಇದೆ, ಹಾಗಾಗಿ ಹೆದರಿಕೆ ಬೇಡ. ಇವತ್ತೇ ಶುರುಮಾಡು. ಬೇಜಾರಾಗದೆ ಹತ್ತು ಹಂತ ದಾಟಿದರೆ ಈ ಓದು ನಿನಗೆ ಹಿಡಿಸುತ್ತೆ ಅಂತ ತಿಳಿ.

ಆಪ್ಷನ್ ಕ್ರಮ ಜಾಗ್ರತೆ. ಮೇಲೆ ಹಾಕಿದ್ದು ಸಿಕ್ಕಿದರೆ ಕೆಳಗಿನದು ಮತ್ತೆ ಬರಲ್ಲ.

ರಾತ್ರಿಪಾಳಿ_ವಿರಾಜಪೇಟೆ

ಜೊತೆಗಾರರ ವಿಷಯ ಒಪ್ಪಿದೆ. ನಾನು ಒಬ್ಬನೇ ಕಲಿತು ಎರಡು ವರ್ಷ ಜಾಸ್ತಿ ತಗೊಂಡೆ, ಅದನ್ನು ಬರೆಯಬೇಕಿತ್ತು. ಕುಶಾಲನಗರದಲ್ಲಿ ಹುಡುಗರು ಸೇರಿದರೆ, ನಾನು ಊರಿಗೆ ಬಂದಾಗ ಒಂದು ಶನಿವಾರ ಬಂದು ಲಾಗ್ ಓದುವುದು ಹೇಗೆ ಅಂತ ಹೇಳಿಕೊಡುತ್ತೇನೆ. ಹಬ್ಬಕ್ಕೆ ಹೇಗೂ ಬರುತ್ತೇನೆ.

ಹಾರಂಗಿ_ದಂಡೆ

ನಾನೂ ಬರುತ್ತೇನೆ. ಮೆಟಾಸ್ಪ್ಲಾಯ್ಟಬಲ್ ಫೈಲ್ ಪೆನ್‌ಡ್ರೈವಿನಲ್ಲಿ ತರುತ್ತೇನೆ, ಯಾರೂ ಇಳಿಸಬೇಕಿಲ್ಲ.

ನಾಪೋಕ್ಲು_ತೋಟದಮನೆ

ಆಪ್ಷನ್ ಹಾಕಿದೆ. ಮೊದಲು ಕುಶಾಲನಗರ ಕಂಪ್ಯೂಟರ್ ಸೈನ್ಸ್, ಎರಡನೆಯದು ಮೈಸೂರು ಸೈಬರ್ ಸೆಕ್ಯುರಿಟಿ. ಹಾಸ್ಟೆಲಿಗೆ ಅಂತ ಇಟ್ಟ ದುಡ್ಡಿನಲ್ಲಿ 16 ಜಿಬಿ ಲ್ಯಾಪ್‌ಟಾಪ್ ಕೊಡಿಸುತ್ತೇನೆ ಅಂದರು ಅಪ್ಪ. ದೊಡ್ಡಮ್ಮನನ್ನು ಕರೆದುಕೊಂಡು ನಿನ್ನೆ ಮಡಿಕೇರಿಗೆ ಹೋಗಿ ದೂರು ಕೊಟ್ಟು ಬಂದೆವು ಅಂಕಲ್. ಬರುವಾಗ ದೊಡ್ಡಮ್ಮ ನಮ್ಮ ಮನೆಗೆ ಬಂದು ಕಾಫಿ ಕುಡಿದು ಹೋದರು.

ಕ್ಯಾಮೆರಾ ಡಿವಿಆರ್ ಪಾಸ್‌ವರ್ಡ್ ನೋಡಿದರೆ ಒಂದರಿಂದ ಆರರವರೆಗಿನ ಅಂಕಿ. ಹಾಕಿಸಿ ಎರಡು ವರ್ಷ ಆಗಿತ್ತು. ಬದಲಾಯಿಸಿ ಪುಸ್ತಕದಲ್ಲಿ ಬರೆದು ಅವ್ವನ ಬೀರುವಿನಲ್ಲಿಟ್ಟೆ. ಪಕ್ಕದ ಮೂರು ತೋಟದವರದ್ದೂ ನೋಡಿಕೊಡು ಅಂತ ಕೇಳಿದ್ದಾರೆ. ಅವರೇ ಕರೆದಿದ್ದಾರೆ, ಅವರ ಎದುರಿಗೇ ಮಾಡುತ್ತೇನೆ.

ಅಕ್ಕ, ಬ್ಯಾಂಡಿಟ್ ಶುರುಮಾಡಿದೆ. ಅಣ್ಣನ ಹಳೆಯ ಲ್ಯಾಪ್‌ಟಾಪ್, ಮಹಡಿಯ ಕಿಟಕಿ ಹತ್ತಿರ ಇಟ್ಟರೆ ಸಿಗ್ನಲ್ ಬರುತ್ತೆ. ಮೊದಲನೆಯದು ಸುಲಭ ಆಯಿತು. ಎರಡನೆಯದರಲ್ಲಿ ಫೈಲಿನ ಹೆಸರು ಬರೀ ಒಂದು ಡ್ಯಾಶ್. ಫೈಲ್ ತೆರೆದು ತೋರಿಸುವ ಕ್ಯಾಟ್ ಆಜ್ಞೆ ಹೊಡೆದು ಡ್ಯಾಶ್ ಹಾಕಿದರೆ ಸುಮ್ನೆ ನಿಂತುಬಿಡುತ್ತೆ. ನೆಟ್ ಹೋಯಿತು ಅಂದುಕೊಂಡು ಮೂರು ಸಲ ಮತ್ತೆ ಲಾಗಿನ್ ಮಾಡಿದೆ. ನೆಟ್ ಇದೆ. ಯಾಕೆ ಹೀಗೆ?

ಸೋಮವಾರಪೇಟೆ_ಅಕ್ಕ

ಅದು ನಿಂತಿಲ್ಲ, ನಿನಗೆ ಕಾಯುತ್ತಿದೆ. ಕ್ಯಾಟ್‌ಗೆ ಬರೀ ಡ್ಯಾಶ್ ಕೊಟ್ಟರೆ "ಫೈಲ್ ಬೇಡ, ಕೀಬೋರ್ಡಿನಿಂದ ಓದು" ಅಂತ ಅರ್ಥ. ಏನಾದರೂ ಟೈಪ್ ಮಾಡಿ ಎಂಟರ್ ಒತ್ತು, ಅದನ್ನೇ ವಾಪಸ್ ತೋರಿಸುತ್ತೆ, ನೋಡು. ಹೊರಗೆ ಬರಲು ಕಂಟ್ರೋಲ್ ಮತ್ತು ಸಿ. ಈಗ ಯೋಚಿಸು, ಇದು ಈ ಫೋಲ್ಡರಿನಲ್ಲೇ ಇರುವ ಫೈಲ್ ಅಂತ ಅದಕ್ಕೆ ಹೇಗೆ ತಿಳಿಸುತ್ತೀಯ? ಹೆಸರಿನ ಮುಂದೆ ದಾರಿ ಬರೆಯಬೇಕು. ಈ ಫೋಲ್ಡರ್ ಅನ್ನೋದಕ್ಕೆ ಲಿನಕ್ಸಿನಲ್ಲಿ ಒಂದು ಚುಕ್ಕಿ ಸಾಕು. ಉಳಿದದ್ದು ನೀನೇ ಮಾಡು, ಆದಮೇಲೆ ಇಲ್ಲಿ ಬರೆ.

ನಾಪೋಕ್ಲು_ತೋಟದಮನೆ

ಚುಕ್ಕಿ, ಸ್ಲ್ಯಾಶ್, ಡ್ಯಾಶ್. ಬಂತು ಅಕ್ಕ! ಈಗ ಮೂರನೆಯದರಲ್ಲಿದ್ದೇನೆ. ಇದರಲ್ಲಿ ಫೈಲಿನ ಹೆಸರಿನ ನಡುವೆ ಖಾಲಿ ಜಾಗ ಇದೆ.